ಗ್ರಾಮಿಗೆ ಹದಿನೆಂಟು ಪೈಸೆ

ನಮ್ಮನೆಯ ಕಿರಾಣಿ ಈಗ ಗಣಿತದ ಮಾಸ್ತರರ ಕೈಯಲ್ಲಿದೆ. ಅಂದರೆ ನಮ್ಮನೆಯವರ ಕೈಯಲ್ಲಿ. ಹೈಸ್ಕೂಲಿನಲ್ಲಿ ಲಾಭ-ನಷ್ಟದ ಲೆಕ್ಕ ಹೇಳಿಕೊಟ್ಟು ನಿವೃತ್ತರಾದವರು. ಪಾಠ ಮಾಡುತ್ತಿದ್ದಷ್ಟು ಕಾಲ ತೊಗರಿಬೇಳೆ ಮನೆಗೆ ಎಲ್ಲಿಂದ ಬರುತ್ತದೆ ಅಂತಲೂ ಅವರಿಗೆ ಗೊತ್ತಿರಲಿಲ್ಲ. ಈಗ ಅದರ ಬೆಲೆ ಗ್ರಾಂ ಲೆಕ್ಕದಲ್ಲಿ ಬಾಯಿಪಾಠ.

ಮೊದಲೆಲ್ಲ ಕುಮಟಾದಲ್ಲಿ ಸಾಮಾನು ತರುವುದು ಅಂದರೆ ಒಂದು ಚೀಟಿ. ಬೆಳಿಗ್ಗೆ ಕೊಟ್ಟರೆ ಸಂಜೆಗೆ ಅಂಗಡಿಯವರು ಪೊಟ್ಟಣ ಕಟ್ಟಿ ಇಟ್ಟಿರುತ್ತಿದ್ದರು. ಈಗ ಸೂಪರ್‌ಮಾರ್ಕೆಟ್ಟಿನೊಳಗೆ ಬುಟ್ಟಿ ಹಿಡಿದು ನಾವೇ ಓಣಿ ಓಣಿ ತಿರುಗಬೇಕು. ಈ ಹೊಸ ಥರದ ಅಂಗಡಿಗಳ ಗುಟ್ಟನ್ನು ಇವರು ಎಲ್ಲೋ ಓದಿ ಬಂದರು. ದುಬಾರಿ ಸಾಮಾನೆಲ್ಲ ಕಣ್ಣಿಗೆ ನೇರವಾಗಿ ಇಟ್ಟಿರುತ್ತಾರಂತೆ, ಅಗ್ಗದ್ದು ಕಾಲಬುಡದ ಹಲಗೆಯಲ್ಲಿ. ನಿಜವೇ. ಅಂದಿನಿಂದ ಇವರು ಅಂಗಡಿಯ ಮೇಲಿನ ಅರ್ಧವನ್ನು ನೋಡುವುದೇ ಬಿಟ್ಟರು. ಕುಕ್ಕರಗಾಲಲ್ಲಿ ಕೂತು, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ಕೆಳಗಿನ ಸಾಲಿನ ಪ್ಯಾಕೆಟ್ಟುಗಳನ್ನೆಲ್ಲ ತಿರುಗಿಸಿ ತಿರುಗಿಸಿ ಓದುತ್ತಾರೆ. ಮೊಣಕಾಲಿಗೆ ಹಚ್ಚುವ ಮುಲಾಮಿನ ಖರ್ಚು ಇವರ ಕಿರಾಣಿ ಲೆಕ್ಕದ ವಹಿಯಲ್ಲಿ ಬರುವುದಿಲ್ಲ. ಅದು ಔಷಧಿಯ ಲೆಕ್ಕವಂತೆ.

ಓದುವುದು ಏನನ್ನು ಅಂದರೆ, ಎಂಆರ್‌ಪಿ ಪಕ್ಕದಲ್ಲಿ ಇರುವೆ ಸಾಲಿನ ಹಾಗೆ ಅಚ್ಚಾಗಿರುತ್ತದಲ್ಲ, ಆ ಇನ್ನೊಂದು ಬೆಲೆ. ಪ್ಯಾಕೆಟ್ಟಿನೊಳಗಿನ ಸಾಮಾನು ಒಂದು ಕಿಲೋಗಿಂತ ಕಡಿಮೆ ಇದ್ದರೆ ಗ್ರಾಮಿಗೆ ಎಷ್ಟು ಅಂತ ಹಾಕಬೇಕು, ಕಿಲೋ ದಾಟಿದರೆ ಕಿಲೋಗೆ ಎಷ್ಟು ಅಂತ. ಕಾನೂನೇ ಹಾಗಿದೆ. ಯಾವುದು ಅಗ್ಗ ಅಂತ ಜನರಿಗೆ ಸುಲಭದಲ್ಲಿ ಗೊತ್ತಾಗಲಿ ಎಂದು ಮಾಡಿದ್ದು. ಅರ್ಧ ಕಿಲೋ ಬೇಳೆಯ ಮೇಲೆ ಗ್ರಾಮಿಗೆ ಹದಿನೆಂಟು ಪೈಸೆ ಅಂತಿದೆ. ಎರಡು ಕಿಲೋ ಪ್ಯಾಕೆಟ್ಟಿನ ಮೇಲೆ ಕಿಲೋಗೆ 175 ರೂಪಾಯಿ ಅಂತಿದೆ. ಯಾವುದು ಅಗ್ಗ, ಹೇಳಿ ನೋಡೋಣ? ಬೇರೆಯವರಾದರೆ ಕೈಗೆ ಸಿಕ್ಕಿದ್ದನ್ನು ಬುಟ್ಟಿಗೆ ಹಾಕಿಕೊಂಡು ಹೋಗುತ್ತಾರೆ. ಗಣಿತದ ಮಾಸ್ತರರಿಗೆ ಮಾತ್ರ ಇದು ಹಬ್ಬದೂಟ. ಅಲ್ಲೇ ಜೇಬಿನಿಂದ ಪೆನ್ನು ಬರುತ್ತದೆ, ವಹಿ ಬರುತ್ತದೆ.

ಹೀಗೆ ಒಂದು ಹೊಸ ಅಂಗಡಿಯಲ್ಲಿ ಕೂತು ಬರೆದುಕೊಳ್ಳುತ್ತಿದ್ದಾಗ ಮ್ಯಾನೇಜರ್ ಓಡಿ ಬಂದ. ಕುರ್ಚಿ ತರಿಸಿದ. ತಣ್ಣನೆಯ ಸೋಡಾ ತರಿಸಿದ. "ಸಾಹೇಬ್ರೇ, ತಕ್ಕಡಿಗೆ ಸೀಲು ಹಾಕಿಸಿ ಆಗಿದೆ, ಕಾಗದ ತೋರಿಸಲಾ?" ಅಂದ. ತೂಕ-ಅಳತೆ ಇಲಾಖೆಯವರು ಅಂದುಕೊಂಡಿದ್ದ ಪಾಪ. ಇವರು ಸೋಡಾ ಪೂರ್ತಿ ಕುಡಿದ ಮೇಲೆ "ನಾನು ಗಿರಾಕಿ" ಅಂದರು. ಮನೆಗೆ ಬಂದು ಆ ದಿನದ ಉಳಿತಾಯದಲ್ಲಿ ಸೋಡಾದ ಇಪ್ಪತ್ತು ರೂಪಾಯಿಯನ್ನೂ ಸೇರಿಸಿದರು.

ಉಳಿತಾಯದ ಹುಚ್ಚು ತಾರಕಕ್ಕೆ ಹೋಗಿದ್ದು 2025ರ ಸೆಪ್ಟೆಂಬರಿನಲ್ಲಿ. 22ನೇ ತಾರೀಖಿನಿಂದ ಸೋಪು, ಶಾಂಪೂ, ಟೂತ್‌ಪೇಸ್ಟಿನ ಜಿಎಸ್‌ಟಿ ಶೇಕಡಾ 18ರಿಂದ 5ಕ್ಕೆ ಇಳಿಯುತ್ತದೆ ಅಂತ ತಿಂಗಳ ಮೊದಲ ವಾರದಲ್ಲೇ ಸುದ್ದಿ ಬಂತು. ನಮ್ಮನೆಯ ಪೇಸ್ಟು ಮುಗಿದಿದ್ದೂ ಅದೇ ಹೊತ್ತಿಗೆ. ನೂರು ರೂಪಾಯಿಯ ಪೇಸ್ಟು ಎಂಬತ್ತೊಂಬತ್ತಕ್ಕೆ ಸಿಗುವಾಗ ಈಗ ಕೊಳ್ಳುವುದು ಮೂರ್ಖತನ ಅಂದರು. ಟ್ಯೂಬಿಗೆ ಲಟ್ಟಣಿಗೆ ಹಾಯಿಸಿದೆವು. ಕತ್ತರಿಯಿಂದ ಸೀಳಿ ಒಳಗೆಲ್ಲ ಬ್ರಷ್ಷು ಆಡಿಸಿದೆವು. ಆಮೇಲೆ ಅತ್ತೆ ತಮ್ಮ ಕಾಲದ ಉಪ್ಪು-ಮಸಿ ಹೊರತೆಗೆದರು. ನಾನು ಆ ದಿನಗಳಲ್ಲಿ ಒಂದು ಮದುವೆಯ ನಿಶ್ಚಯಕ್ಕೆ ಹೋಗಿದ್ದೆ. ಯಾರೋ ಫೋಟೋ ತೆಗೆಯುವಾಗ "ಅಕ್ಕಾ, ಸ್ವಲ್ಪ ನಗಿ" ಅಂದರು. ನಗಲಿಲ್ಲ.

ಸೋಪಿನ ಬದಲು ಕಡಲೆಹಿಟ್ಟು ಬಂತು. ಮೂರು ಜನ ಮೈ ತಿಕ್ಕಿಕೊಂಡ ಕಡಲೆಹಿಟ್ಟಿನ ದುಡ್ಡಿನಲ್ಲಿ ಹಳೆಯ ಬೆಲೆಯಲ್ಲೇ ವರ್ಷದ ಸೋಪು ಬರುತ್ತಿತ್ತು. ಹೇಳಿದೆ. ಅದು ತಿನ್ನುವ ಸಾಮಾನಿನ ಪುಟದಲ್ಲಿದೆ ಅಂದರು.

ಅಕ್ಕಿಯ ಕಥೆ ಬೇರೆ. 2022ರ ಜುಲೈನಲ್ಲಿ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿಗೆ ಶೇಕಡಾ 5 ತೆರಿಗೆ ಬಂತು, ಆದರೆ 25 ಕಿಲೋವರೆಗಿನ ಚೀಲಕ್ಕೆ ಮಾತ್ರ. ವ್ಯಾಪಾರಸ್ಥರು ಸುಮ್ನೆ ಕೂರುತ್ತಾರಾ? 26 ಕಿಲೋ ಚೀಲ ಬಂತು. ಆ ಒಂದು ಕಿಲೋ ಅಕ್ಕಿಯಲ್ಲಿ ಎಂಥ ಬುದ್ಧಿ ಇದೆ ನೋಡು ಅಂತ ಇವರಿಗೆ ಚೀಲ ಹೊಲಿದವರ ಮೇಲೆ ಅಪಾರ ಗೌರವ. ಸರಿ, 26 ಕಿಲೋ ಚೀಲವೇ ಬಂತು. ಉಳಿದ ತೆರಿಗೆ ಸುಮಾರು ಎಪ್ಪತ್ತು ರೂಪಾಯಿ. ರಿಕ್ಷಾಕ್ಕೆ ಅರವತ್ತು. ಚೀಲವನ್ನು ಜಗಲಿಯಿಂದ ಒಳಗೆ ಹಾಕಿದ್ದಕ್ಕೆ ರಿಕ್ಷಾದವನಿಗೆ ಇನ್ನೂ ಇಪ್ಪತ್ತು. ಅವನು ಇವರ ಹಳೆಯ ವಿದ್ಯಾರ್ಥಿ. ಗಣಿತದಲ್ಲಿ ಎರಡು ಸಲ ಫೇಲಾದವನು.

ಹೆಚ್ಚು ಕೊಂಡರೆ ಅಗ್ಗ ಅನ್ನುವ ಸೂತ್ರ ಕುಮಟಾದಲ್ಲಿ ಮೇ ತಿಂಗಳವರೆಗೆ ಮಾತ್ರ ನಡೆಯುತ್ತದೆ. ಜೂನ್ ಬಂದರೆ ಮುಗಿಯಿತು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟಿ ಮಳೆ ಹೊಯ್ಯುವ ಊರು ಇದು. ಗೋಡೆ ಬೆವರುತ್ತದೆ, ಚಾಪೆ ಬೆವರುತ್ತದೆ. ಐದು ಕಿಲೋ ಸಕ್ಕರೆ ಡಬ್ಬಿಯೊಳಗೆ ಒಂದೇ ಹೆಂಟೆಯಾಗಿ ಕೂರುತ್ತದೆ. ಮುಚ್ಚಳ ತೆರೆದ ಬಿಸ್ಕೀಟು ಮಧ್ಯಾಹ್ನಕ್ಕೆ ಬಾಳೆಲೆಯ ಥರ ಬಾಗುತ್ತದೆ, ಮುರಿಯುವುದಿಲ್ಲ. ಹಪ್ಪಳಕ್ಕೆ ಬೂಸಲು. 26 ಕಿಲೋ ಅಕ್ಕಿಯಲ್ಲಿ ಹುಳ ಸಂಸಾರ ಹೂಡಿ ಮೊಮ್ಮಕ್ಕಳನ್ನು ಕಂಡಿತು. ಸಾಣಿಕಟ್ಟಾದ ಹರಳುಪ್ಪನ್ನು ಗಾಳಿ ಮುಟ್ಟಿದರೆ ಸಾಕು, ನೀರು ಬಿಡಲು ಶುರು. ಅತ್ತೆ ಅದನ್ನು ಹಳೆಯ ಮರಿಗೆಯಲ್ಲಿ ಓರೆಯಾಗಿ ಇಟ್ಟು, ಕೆಳಗೊಂದು ಕರಟ ಇಡುತ್ತಾರೆ. ಇವರು ಒಂದು ದಿನ ಆ ಕರಟದ ನೀರನ್ನೂ ಅಳೆದರು. ಎಷ್ಟು ಉಪ್ಪು ನಷ್ಟ ಆಗುತ್ತಿದೆ ಅಂತ ನೋಡಬೇಕಿತ್ತಂತೆ.

ಹಿಂದಿನವರು ಮಳೆಗಾಲಕ್ಕೆ ಅಂತ ರಾಶಿ ಹಾಕುತ್ತಿರಲಿಲ್ಲವಾ ಅಂತ ಇವರ ವಾದ. ಹಾಕುತ್ತಿದ್ದರು. ಒಣಮೀನು, ಮೆಣಸು, ಹುಣಸೆ, ಈರುಳ್ಳಿ, ಎಲ್ಲವೂ ಮೇ ಮುಗಿಯುವುದರೊಳಗೆ ಅಟ್ಟ ಸೇರುತ್ತಿತ್ತು. ಆದರೆ ಆ ಅಟ್ಟದ ಕೆಳಗೆ ಒಲೆ ಇತ್ತು. ಬೆಳಿಗ್ಗೆಯಿಂದ ರಾತ್ರಿವರೆಗೆ ಹೊಗೆ ಮೇಲೇಳುತ್ತಿತ್ತು. ಆ ಬೆಚ್ಚಗೆಯಲ್ಲಿ ಹುಳವೂ ಬರುತ್ತಿರಲಿಲ್ಲ, ಬೂಸಲೂ ಬರುತ್ತಿರಲಿಲ್ಲ. ನಮ್ಮ ಕಣ್ಣೂ ಇರುತ್ತಿರಲಿಲ್ಲ ಅನ್ನಿ. ಈಗ ಗ್ಯಾಸ್ ಒಲೆ. ಅಟ್ಟದ ಜಾಗದಲ್ಲಿ ಪಿಒಪಿ ಚಾವಣಿ.

ಆ ಪಿಒಪಿಗೆ ಇವರು ಕೊಕ್ಕೆ ಹೊಡೆಸಿದರು. ಏಪ್ರಿಲ್-ಮೇನಲ್ಲಿ ಅಳ್ವೆಕೋಡಿ, ಹಂದಿಗೋಣದ ಕಡೆ ಹೆದ್ದಾರಿ ಪಕ್ಕದಲ್ಲಿ ನಮ್ಮ ಕುಮಟಾದ ಸಿಹಿ ಈರುಳ್ಳಿಯನ್ನು ಜಡೆ ಹೆಣೆದು ಸಾಲಾಗಿ ನೇತುಹಾಕಿರುತ್ತಾರಲ್ಲ, ಅದನ್ನು ಗೊಂಚಲುಗಟ್ಟಲೆ ತಂದು ಅಡುಗೆಮನೆಯಲ್ಲಿ ತೋರಣ ಕಟ್ಟಿದರು. ಒಂದು ಗೊಂಚಲು ಕೊಂಡರೆ ಒಂದು ರೇಟು, ಹತ್ತು ಕೊಂಡರೆ ಇನ್ನೊಂದು. ನೋಡಲು ಚಂದ ಇತ್ತು. ಜುಲೈ ನಡುವಿನಲ್ಲಿ ಒಂದು ರಾತ್ರಿ ಧೊಪ್ ಅಂತ ಸದ್ದಾಯಿತು. ಲೈಟು ಹಾಕಿ ನೋಡಿದರೆ ಕೊಕ್ಕೆ, ಅದರ ಸುತ್ತಲಿನ ಪಿಒಪಿ, ಈರುಳ್ಳಿ, ಮೂರೂ ಮಿಕ್ಸರಿನ ಮೇಲಿದ್ದವು. ಅರ್ಧ ಈರುಳ್ಳಿ ಕೊಳೆತಿತ್ತು, ಉಳಿದರ್ಧ ಮೊಳಕೆ ಬಿಟ್ಟಿತ್ತು. ಅತ್ತೆ ಎದ್ದು ಬಂದು ನೋಡಿ, "ತಮ್ಮಾ, ಇದಕ್ಕೆ ಗ್ರಾಮಿಗೆ ಎಷ್ಟು ಬಿತ್ತೋ?" ಅಂತ ಕೇಳಿ ಮತ್ತೆ ಹೋಗಿ ಮಲಗಿದರು.

ಅತ್ತೆಗೆ ಶಾಲೆಯ ಗಣಿತ ಬರುವುದಿಲ್ಲ. ಇವರನ್ನು ಸೋಲಿಸುವವರು ಮನೆಯಲ್ಲಿ ಅವರೊಬ್ಬರೇ. ಸಾವಿರದೈನೂರು ರೂಪಾಯಿಯ ಸಾಮಾನು ಕೊಂಡರೆ ಒಂದು ಕಿಲೋ ಸಕ್ಕರೆ ಬರೀ ಒಂಬತ್ತು ರೂಪಾಯಿಗೆ ಅಂತ ಆಫರ್ ಬಂದಿತ್ತು. ನಮಗೆ ಬೇಕಾಗಿದ್ದು ಸಾವಿರದ ಹತ್ತಿರದ್ದು. ಉಳಿದದ್ದನ್ನು ತುಂಬಿಸಲು ಓಟ್ಸು, ಖರ್ಜೂರದ ಸಿರಪ್ಪು, ಯಾರಿಗೂ ಬೇಡದ ಒಂದು ಬಾಟಲಿ ಸಾಸು ಬಂತು. ಬಿಲ್ಲಿನ ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ ಇತ್ತು, ಈ ಖರೀದಿಯಲ್ಲಿ ನೀವು ಉಳಿಸಿದ್ದು 412 ರೂಪಾಯಿ. ಇವರು ಅದನ್ನು ಎಲ್ಲರಿಗೂ ಕೇಳುವಂತೆ ಓದಿದರು.

"ಎಷ್ಟು ಉಳೀತು ಅಂದೆ?"

"ನಾನೂರ ಹನ್ನೆರಡು, ಆಯೀ."

"ತಾ ಇಲ್ಲಿ. ಹಾಲಿನವಳಿಗೆ ಕೊಡೋದಿದೆ."

ಕೈ ಚಾಚಿಕೊಂಡೇ ಕೂತಿದ್ದರು. ಇವರು ಬಿಲ್ಲು ನೋಡಿದರು, ಜೇಬು ನೋಡಿದರು. ಕೊನೆಗೆ ಜೇಬಿನಿಂದಲೇ ಕೊಟ್ಟರು.

ನನ್ನ ತಕರಾರು ಇರುವುದು ಇವರ ಇನ್ನೊಂದು ಪಟ್ಟಿಯ ಬಗ್ಗೆ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾರೆ, "ದುಬಾರಿ, ಕೊಳ್ಳಬಾರದು" ಅಂತ. ಸುಲಿದ ಬೆಳ್ಳುಳ್ಳಿ. ತುರಿದ ಕಾಯಿ. ಶುಂಠಿ ಪೇಸ್ಟು. ದೋಸೆ ಹಿಟ್ಟು. ಹೆಚ್ಚಿದ ತರಕಾರಿ. ಓದುತ್ತಾ ಹೋದರೆ ನಿಮಗೇ ಗೊತ್ತಾಗುತ್ತದೆ, ಪಟ್ಟಿಯಲ್ಲಿರುವುದೆಲ್ಲ ನನ್ನ ಕೈಕೆಲಸ ಉಳಿಸುವ ಸಾಮಾನು. ಅಡಿಕೆ ಜಗಿಯುವವರು ಅವರು, ಅವರ ಸುಗಂಧದ ಅಡಿಕೆಪುಡಿಯ ಡಬ್ಬಿ ಪಟ್ಟಿಯಲ್ಲಿಲ್ಲ! ಬಂಗಡೆ ಸಾರಿಗೆ ಕಾಯಿ ತುರಿಯುವುದು, ಅರೆಯುವುದು ಪುಕ್ಕಟೆ ಅಂತ ಲೆಕ್ಕ ಹಾಕಿದವರಿಗೆ ಕಾಯಿಯ ಗ್ರಾಮಿನ ಬೆಲೆ ಸರಿಯಾಗಿಯೇ ಬರುತ್ತದೆ. "ಹೌದು, ಸುಲಿದ ಬೆಳ್ಳುಳ್ಳಿ ದುಬಾರಿ. ಹಾಗಾದರೆ ನೀವು ಸುಲೀರಿ" ಅಂದೆ. ಜಗಳ ಏನಿಲ್ಲ. ಈಗ ಸಂಜೆ ವಾರ್ತೆ ನೋಡುತ್ತಾ ಬೆಳ್ಳುಳ್ಳಿ ಸುಲಿಯುತ್ತಾರೆ. ಹೆಬ್ಬೆರಳ ಉಗುರಿನ ಸಂದು ಉರಿಯುತ್ತದೆ ಅಂತ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಾರೆ. ಮೊನ್ನೆ ನೋಡಿದರೆ ಪಟ್ಟಿಯ ಮೊದಲ ಸಾಲನ್ನು ಯಾರೋ ಪೆನ್ಸಿಲ್ಲಿನಿಂದ ಹೊಡೆದುಹಾಕಿದ್ದರು.

ಒಂದು ವಿಷಯದಲ್ಲಿ ಮಾತ್ರ ಅವರ ಜೊತೆ ನಾನೂ ಇದ್ದೇನೆ. ಮುರುಗಲು, ಅಂದರೆ ಕೋಕಂ ಸಿಪ್ಪೆಯನ್ನು ಅಂಗೈಯಗಲದ ಪ್ಯಾಕೆಟ್ಟಿನಲ್ಲಿ ಹಾಕಿ, ಮೇಲೆ ಹಸಿರು ಎಲೆಯ ಚಿತ್ರ ಬರೆದು ಮಾರುತ್ತಾರೆ. ನಮ್ಮ ಹಿತ್ತಲಿನಲ್ಲಿ ಅದು ಬಿದ್ದು ಬಿದ್ದು ನಡೆಯಲು ಜಾಗ ಇರುವುದಿಲ್ಲ. ಕರಿಬೇವಿಗೆ, ಬಾಳೆಲೆಗೆ, ಒಂದೆಲಗಕ್ಕೆ ದುಡ್ಡು ಕೊಡುವುದು ಅಂದರೆ ಮನೆಯ ಮರ್ಯಾದೆಯ ಪ್ರಶ್ನೆ. ಬೆಂಗಳೂರಿನಲ್ಲಿರುವ ಮಗಳು ಮೊಬೈಲಿನಲ್ಲಿ ಮುರುಗಲು ತರಿಸಿಕೊಂಡೆ ಅಂದಾಗ ಇವರು ರೇಟು ಕೇಳಿ ಎದ್ದು ನಿಂತರು. ಮರುದಿನವೇ ಎರಡು ಕಿಲೋ ಒಣಸಿಪ್ಪೆ ಬಸ್ಸಿನಲ್ಲಿ ಹೋಯಿತು. ಪಾರ್ಸೆಲ್ ಚಾರ್ಜು, ಅದನ್ನು ಬಸ್ ಸ್ಟ್ಯಾಂಡಿನಿಂದ ತರಲು ಅವಳು ಕೊಟ್ಟ ಆಟೋ ದುಡ್ಡು, ಎರಡನ್ನೂ ನಾನು ಕೂಡಿಸಲು ಹೋಗಲಿಲ್ಲ.

ಇಷ್ಟೆಲ್ಲ ಲೆಕ್ಕ ಮೀನು ಪೇಟೆಯ ಬಾಗಿಲಲ್ಲಿ ನಿಂತುಹೋಗುತ್ತದೆ. ಅಲ್ಲಿ ಎಂಆರ್‌ಪಿ ಇಲ್ಲ, ಲೇಬಲ್ ಇಲ್ಲ, ಕಾಲಬುಡದ ಹಲಗೆಯೂ ಇಲ್ಲ. ಎಲ್ಲವೂ ಕಾಲಬುಡದಲ್ಲೇ. ಜೂನ್ ಒಂದರಿಂದ ಜುಲೈ ಮುಗಿಯುವವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ಆಗ ರೇಟು ಆಕಾಶದಲ್ಲಿ. ಆಗಸ್ಟಿನಲ್ಲಿ ಕೆಳಗಿಳಿಯುತ್ತದೆ. ಇಳಿದ ಮೇಲೆ ಇವರು ಚೀಲ ಹಿಡಿದು ಹೊರಟರು. ನಾವು ಯಾವಾಗಲೂ ಕೊಳ್ಳುವ ಅಮ್ಮ ಬಂಗಡೆಯನ್ನು ಪಾಲು ಹಾಕಿ ಕೂತಿದ್ದಳು. ಇನ್ನೂರಕ್ಕೆ ಹತ್ತು.

"ಕಿಲೋಗೆ ಎಷ್ಟಾಯ್ತು?" ಇವರು ಕೇಳಿದರು.

"ತಲೆ ಸೇರಿಸಿ ತೂಗ್ಲೋ ಮಾಸ್ತರ್ರೇ, ತೆಗೆದು ತೂಗ್ಲೋ?"

ಇವರು ಯೋಚನೆಗೆ ಬಿದ್ದರು. ತಲೆ, ಕರುಳು, ಬಾಲ ಹೋದರೆ ಉಳಿಯುವ ತೂಕ ಎಷ್ಟು, ಅದಕ್ಕೆ ಬೀಳುವ ಬೆಲೆ ಎಷ್ಟು. ಹಿಂದೆ ನಿಂತವರೆಲ್ಲ ಕೊಂಡು ಹೋದರು. ಕೊನೆಗೆ ಹತ್ತೇ ಹತ್ತು ಮೀನು ಚೀಲದಲ್ಲಿ ಬಂತು. ನಾನು ಹೋದರೆ ಹತ್ತು ಎಣಿಸಿದ ಮೇಲೆ "ತಗೊಳ್ಳಿ ಅಕ್ಕಾ" ಅಂತ ಇನ್ನೊಂದನ್ನು ಎಸೆಯುತ್ತಾಳೆ, ಕೆಲವೊಮ್ಮೆ ಎರಡು. ಬುಧವಾರದ ಸಂತೆಯಲ್ಲೂ ಹಾಗೆಯೇ. ಬಸಳೆ ಕಟ್ಟಿನ ಮೇಲೆ ಒಂದು ಹಿಡಿ ಹಸಿಮೆಣಸು ಕೇಳದೆ ಬರುತ್ತದೆ. ಇದು ಕೊಸರು, ಇದಕ್ಕೆ ಲೆಕ್ಕ ಇಲ್ಲ ಅಂದೆ. ಲೆಕ್ಕ ಇಲ್ಲದ್ದು ಅಂದಕೂಡಲೇ ಇವರ ಕಣ್ಣು ಅರಳಿತು.

ಮುಂದಿನ ಸಲ ಹೋದವರು ಬೆಲೆ ಕೇಳುವ ಮೊದಲೇ "ಕೊಸರು ಎಷ್ಟು ಕೊಡ್ತಿ?" ಅಂದರಂತೆ. ಆ ಅಮ್ಮ ಅವರನ್ನು ಒಂದು ಗಳಿಗೆ ನೋಡಿ, ಬುಟ್ಟಿಯ ತಳಕ್ಕೆ ಕೈ ಹಾಕಿ, ಬೆರಳುದ್ದದ ಒಂದು ತಾರ್ಲೆ ಮೀನು ತೆಗೆದು ಚೀಲಕ್ಕೆ ಹಾಕಿದಳು. ಮನೆಗೆ ಬಂದವರೇ ಅದನ್ನು ಬೇರೆ ಇಟ್ಟು ತಕ್ಕಡಿಗೆ ಹಾಕಿದರು. ವಹಿಯಲ್ಲಿ ಹೊಸ ಕಲಂ ಎಳೆದರು. ತೂಕ ಬರೆದರು, ಬೆಲೆ ಸೊನ್ನೆ ಅಂತ ಬರೆದರು. ಆ ಹೊತ್ತಿಗೆ ಬೆಕ್ಕು ಬಂದು ಅದನ್ನು ತೆಗೆದುಕೊಂಡು ಹೋಯಿತು. ಇವರು ಪೆನ್ನು ಹಿಡಿದುಕೊಂಡೇ ಹಿಂದೆ ಓಡಿದರು.