ನಕ್ಷತ್ರ ದೋಷ

ಗಿಟ್ ಅಂದರೆ ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಸಾಫ್ಟ್‌ವೇರ್; ಬ್ರಾಂಚು ಅಂದರೆ ಅದರಲ್ಲಿ ಒಂದೊಂದು ಕೆಲಸಕ್ಕೆ ಮಾಡಿಕೊಳ್ಳುವ ಕವಲು. ಕೆಲಸ ಮುಗಿದು 'ಮೇನ್' ಎಂಬ ಮುಖ್ಯ ಕವಲಿಗೆ ಮರ್ಜ್ ಆದ (ಸೇರಿಕೊಂಡ) ಮೇಲೂ ಗಿಟ್ ಬ್ರಾಂಚುಗಳು ತಾವಾಗಿ ಹೋಗುವುದಿಲ್ಲ. ಮದುವೆ ಮುಗಿದರೂ ಬ್ಯಾಗು ಕಟ್ಟದ ನೆಂಟರ ಹಾಗೆ ಅಲ್ಲೇ ಇರುತ್ತವೆ. ಅವನ್ನೆಲ್ಲ ಒಟ್ಟಿಗೆ ಸಾಗಹಾಕೋಕೆ ನಮ್ಮ ಆಫೀಸಿನಲ್ಲಿ ಒಂದು ಶೆಲ್ ಸ್ಕ್ರಿಪ್ಟ್ ಇತ್ತು, ಅಂದರೆ ಕಮಾಂಡುಗಳನ್ನು ಓದಿ ನಡೆಸುವ ಶೆಲ್ಲಿಗೆ ಬರೆದಿಟ್ಟ ಪಟ್ಟಿ. ಬರೆದ ಪುಣ್ಯಾತ್ಮರು ಕೆಲಸ ಬಿಟ್ಟು ಹೋಗಿದ್ದರು. ಸ್ಕ್ರಿಪ್ಟ್ ನನ್ನ ಪಾಲಿಗೆ ಬಂತು.

ಓಡಿಸಿದೆ. 'ರೀಡ್‌ಮಿ ಎಂಬ ಬ್ರಾಂಚ್ ಸಿಗಲಿಲ್ಲ' ಎಂದಿತು. ಆಮೇಲೆ 'ಮೇಕ್‌ಫೈಲ್ ಎಂಬ ಬ್ರಾಂಚ್ ಸಿಗಲಿಲ್ಲ'. ಹೀಗೇ ಫೋಲ್ಡರಿನಲ್ಲಿದ್ದ ಫೈಲುಗಳೆಲ್ಲ ಒಂದೊಂದಾಗಿ ಹಾಜರಿ ಹಾಕಿದವು. ಪಕ್ಕದ ಸೀಟಿನ ಹುಡುಗಿ ಇಣುಕಿ ನೋಡಿ, "ಸರ್, ಫೈಲ್ ಎಲ್ಲಾ ಡಿಲೀಟ್ ಮಾಡ್ತಿದೀರಾ?" ಎಂದಳು. "ನಾನಲ್ಲಮ್ಮ, ಅದು" ಎಂದೆ. ನಂಬಿದ ಹಾಗೆ ಕಾಣಲಿಲ್ಲ.

ಬ್ಯಾಶ್‌ಗೆ (ನಮ್ಮ ಶೆಲ್ಲಿನ ಹೆಸರು) ಮೈನಸ್ ಎಕ್ಸ್ ಕೊಟ್ಟು, ಒಂದೊಂದು ಕಮಾಂಡನ್ನೂ ತೋರಿಸುತ್ತಾ ಹೋಗು ಎಂದು ಓಡಿಸಿದಾಗ ಕಳ್ಳ ಸಿಕ್ಕಿದ. ನಾವು ಸದ್ಯ ಯಾವ ಬ್ರಾಂಚಿನಲ್ಲಿದ್ದೇವೋ ಅದರ ಮುಂದೆ ಗಿಟ್ ಒಂದು ನಕ್ಷತ್ರ (*) ಹಾಕಿ ತೋರಿಸುತ್ತದೆ, ಅಲ್ವಾ? ಕೋಟ್ ಇಲ್ಲದ ನಕ್ಷತ್ರ ಕಂಡರೆ ಶೆಲ್ಲಿಗೆ ಬೇರೆಯೇ ಅರ್ಥ: ಈ ಫೋಲ್ಡರಿನಲ್ಲಿರುವ ಅಷ್ಟೂ ಫೈಲು. ಆ ಫೈಲುಗಳ ಹೆಸರನ್ನೇ ಬ್ರಾಂಚಿನ ಹೆಸರು ಅಂದುಕೊಂಡು ಸ್ಕ್ರಿಪ್ಟ್ ಅಳಿಸಲು ಹೊರಟಿತ್ತು. 2005ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಗಿಟ್ ಶುರು ಮಾಡಿದ ಕಾಲದಲ್ಲಿ ಅದರ ಎಷ್ಟೋ ಕಮಾಂಡುಗಳು ಶೆಲ್ ಸ್ಕ್ರಿಪ್ಟುಗಳೇ ಆಗಿದ್ದವು. ಇಷ್ಟು ಹಳೇ ಪರಿಚಯ ಇಟ್ಟುಕೊಂಡು ಈ ಥರ ಅಪಾರ್ಥ!

ಹಾಗಾದರೆ ಬರೆದವರಿಗೆ ಇದು ಯಾಕೆ ಕಾಣಲಿಲ್ಲ? ಅವರು ಯಾವಾಗಲೂ ಮೇನ್ ಬ್ರಾಂಚಿನಲ್ಲೇ ನಿಂತು ಓಡಿಸುತ್ತಿದ್ದಿರಬೇಕು. ಮೇನ್ ಅಳಿಸಿಹೋಗದಿರಲಿ ಎಂದು ಅವರು ಹಾಕಿದ್ದ ಗ್ರೆಪ್ (ಹೇಳಿದ ಪದ ಇರುವ ಸಾಲುಗಳನ್ನು ಹುಡುಕುವ ಕಮಾಂಡ್), ಪಟ್ಟಿಯಲ್ಲಿನ ಮೇನ್ ಸಾಲಿನ ಜೊತೆಗೆ ನಕ್ಷತ್ರವನ್ನೂ ಎತ್ತಿ ಬಿಸಾಡುತ್ತಿತ್ತು. ನಾನು ಬೇರೆ ಬ್ರಾಂಚಿನಲ್ಲಿದ್ದೆ, ನಕ್ಷತ್ರ ಉಳಿಯಿತು.

ಅದೇ ಗ್ರೆಪ್ಪಿನಿಂದ ಇನ್ನೊಂದು ಉಪಕಾರವೂ ಆಗಿತ್ತು. ಹೆಸರಿನಲ್ಲಿ ಎಲ್ಲಾದರೂ 'ಮೇನ್' ಇದ್ದರೆ ಸಾಕು, ಅದಕ್ಕೆ ರಕ್ಷಣೆ. ಹಾಗಾಗಿ 'ಡೊಮೇನ್' ಅಂತ ಹೆಸರಿಟ್ಟುಕೊಂಡ ಹಳೇ ಬ್ರಾಂಚುಗಳೆಲ್ಲ ಆರಾಮಾಗಿ ಕೂತಿದ್ದವು. ಗ್ರೆಪ್‌ಗೂ ಮೈನಸ್ ಎಕ್ಸ್ ಕೊಟ್ಟು, ಇಡೀ ಸಾಲು ಹೊಂದಿದರೆ ಮಾತ್ರ ಬಿಡು ಎಂದೆ. ಹೆಸರುಗಳನ್ನು ನಕ್ಷತ್ರವಿಲ್ಲದೆ ಕೊಡುವ ಫಾರ್-ಈಚ್-ರೆಫ್ ಕಮಾಂಡನ್ನೂ ಹಾಕಿದೆ.

ಅಷ್ಟರಲ್ಲಿ ನನಗೆ ಸ್ಕ್ರಿಪ್ಟ್ ಬರುತ್ತೆ ಅಂತ ಸುದ್ದಿಯಾಯಿತು. ರಾತ್ರಿ ಕಾನ್ಫಿಗ್ (ಸೆಟ್ಟಿಂಗ್) ಫೈಲುಗಳನ್ನು ಕಮಿಟ್ ಮಾಡಿ (ಗಿಟ್‌ನಲ್ಲಿ ದಾಖಲಿಸಿ) ಪುಶ್ ಮಾಡುವ (ಬೇರೆ ಕಡೆಯ ಪ್ರತಿಗೆ ಕಳಿಸುವ) ಕ್ರಾನ್ ಜಾಬ್, ಅಂದರೆ ಗೊತ್ತು ಮಾಡಿದ ಹೊತ್ತಿಗೆ ತಾನಾಗಿ ಓಡುವ ಕೆಲಸ, ಕೂಡ ನನ್ನ ತಲೆಗೇ ಬಂತು. ನಾನು ಹಗಲು ಓಡಿಸಿದರೆ ಓಡುತ್ತದೆ, ರಾತ್ರಿ ಕ್ರಾನ್ ಓಡಿಸಿದರೆ ಇಲ್ಲ. ಪುಶ್ ಮಾಡೋಕೆ ಬೇಕಾದ ನನ್ನ ಕೀ (ಗುರುತಿನ ಫೈಲು) ಇಟ್ಟುಕೊಂಡಿರುವ ಎಸ್‌ಎಸ್‌ಎಚ್ ಏಜೆಂಟ್ ಕ್ರಾನಿಗೆ ಗೊತ್ತಿಲ್ಲ. ಆ ಕೀಯ ಪಾಸ್‌ಫ್ರೇಸ್ (ಗುಟ್ಟಿನ ಪದ) ಕೇಳೋಣ ಎಂದರೆ ಟರ್ಮಿನಲ್ ಇಲ್ಲ. ಇದ್ದರೂ ರಾತ್ರಿ 2 ಗಂಟೆಗೆ ಯಾರು ಹೇಳಬೇಕು, ಸೆಕ್ಯೂರಿಟಿ ಅಣ್ಣನಾ? ಸರ್ವರಿಗೆ ಬೇರೆ ಕೀ ಮಾಡಿಕೊಟ್ಟೆ.

ಆದರೂ ಕೆಲವು ರಾತ್ರಿ ಸ್ಕ್ರಿಪ್ಟ್ ಅರ್ಧಕ್ಕೇ ನಿಂತು 'ಫೇಲ್' ಅಂತ ಮೇಲ್ ಬರುತ್ತಿತ್ತು. ಯಾವ ಫೈಲೂ ಬದಲಾಗದ ದಿನ ಗಿಟ್ ಕಮಿಟ್ 1 ಅಂತ ವಾಪಸ್ ಕೊಡುತ್ತದೆ. ಶೆಲ್ಲಿನ ಲೆಕ್ಕದಲ್ಲಿ 0 ಅಂದರೆ ಪಾಸು, 1 ಅಂದರೆ ಫೇಲು. ಅಂದರೆ ಮಾಡೋಕೆ ಕೆಲಸ ಇಲ್ಲದಿರುವುದೇ ಅಪರಾಧ. ಸ್ಕ್ರಿಪ್ಟಿನ ಮೇಲುಗಡೆ ಸೆಟ್ ಮೈನಸ್ ಇ ('ಒಂದು ಫೇಲಾದರೆ ಅಲ್ಲೇ ನಿಲ್ಲು') ಇದ್ದದ್ದರಿಂದ ಅಲ್ಲಿಗೇ ಎಲ್ಲಾ ಬಂದ್. ಏನಾದರೂ ಬದಲಾಗಿದೆಯಾ ಅಂತ ಮೊದಲು ಗಿಟ್‌ನ ಡಿಫ್ ಕಮಾಂಡಿನ ಕೈಲಿ ಕೇಳಿಸೋಣ ಎಂದರೆ ಅದರದು ಉಲ್ಟಾ ಲೆಕ್ಕ. ಕ್ವಯಟ್ ಎಂದು ಕೇಳಿದರೆ ಬದಲಾವಣೆ ಇದ್ದಾಗ 1, ಇಲ್ಲದಿದ್ದಾಗ 0. ಕೊನೆಗೆ ಡಿಫ್ ಮತ್ತು ಕಮಿಟ್ ನಡುವೆ ಎರಡು ಉದ್ದ ಗೀಟು (||, ಅಂದರೆ ಮೊದಲನೆಯದು ಫೇಲಾದರೆ ಮಾತ್ರ ಎರಡನೆಯದನ್ನು ಓಡಿಸು) ಎಳೆದು ರಾಜಿ ಮಾಡಿಸಿದೆ.

ಈಗ ಫೇಲ್ ಆಯಿತು ಅಂತ ಮೇಲ್ ಬರುವುದೇ ಇಲ್ಲ. ಅದಕ್ಕೇ ಭಯ. ನಿಜವಾಗಿ ಪುಶ್ ಆಗಿದೆಯಾ ಅಂತ ದಿನಾ ಬೆಳಿಗ್ಗೆ ನಾನೇ ಲಾಗಿನ್ ಆಗಿ ನೋಡಿ ಬರುತ್ತೇನೆ.