ಸತ್ಯಾಂಶ: ಚಿಕಿತ್ಸೆಯ ಚೀಟಿಯಿಂದ ಹಕ್ಕು ಹೋಗುವುದಿಲ್ಲ

ಕಾಸರಗೋಡಿನ ಬದಿಯಡ್ಕ, ಪೆರ್ಲದ ಕಡೆ ಮೊಬೈಲಿನಿಂದ ಮೊಬೈಲಿಗೆ ಹರಿದಾಡುವ ಸಂದೇಶವೊಂದಿದೆ: ‘ಮನೋರೋಗಕ್ಕೆ ಒಮ್ಮೆ ಚೀಟಿ ಮಾಡಿಸಿದರೆ ಆಸ್ತಿಪತ್ರಕ್ಕೆ ಸಹಿ ಹಾಕುವಂತಿಲ್ಲ, ಸರಕಾರಿ ಕೆಲಸ ಹೋಗುತ್ತದೆ, ಮದುವೆ ಊರ್ಜಿತವಲ್ಲ.’

ಸುಳ್ಳು. 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ, ಕಾಯಿಲೆ ಇದೆ ಎಂದ ಮಾತ್ರಕ್ಕೆ ಯಾರೂ ಬುದ್ಧಿ ಸ್ವಾಧೀನದಲ್ಲಿಲ್ಲದವರಾಗುವುದಿಲ್ಲ. ಹಾಗೆಂದು ಘೋಷಿಸಬೇಕಾದದ್ದು ನ್ಯಾಯಾಲಯ. ವೈದ್ಯರೂ ಅಲ್ಲ, ಭಾವಂದಿರೂ ಅಲ್ಲ. (ಆಸ್ತಿ ಪಾಲಾಗುವ ಹೊತ್ತಿಗೇ ಈ ಸಂದೇಶಕ್ಕೆ ಜೀವ ಬರುವುದು ಆಕಸ್ಮಿಕವೆಂದು ನನಗಂತೂ ಅನಿಸುವುದಿಲ್ಲ.) ಚಿಕಿತ್ಸೆಯ ವಿವರ ಗೋಪ್ಯವಾಗಿರಬೇಕು. ಮನೆಯವರು ಕೈಬಿಟ್ಟರು ಎಂಬ ಕಾರಣಕ್ಕೆ ಕಾಯಿಲೆಯವರನ್ನು ಆಸ್ಪತ್ರೆಯಲ್ಲೇ ಉಳಿಸಿಕೊಳ್ಳುವಂತಿಲ್ಲ. ಸಮಾಜದ ನಡುವೆ ಬಾಳುವುದು ಅವರ ಹಕ್ಕು.

ಕೆಲಸದ ಮಾತು: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಸೇವೆಯಲ್ಲಿದ್ದಾಗ ವೈಕಲ್ಯ ಬಂದ ಸರಕಾರಿ ನೌಕರರನ್ನು ಅದೇ ಕಾರಣಕ್ಕೆ ತೆಗೆದುಹಾಕುವಂತಿಲ್ಲ.

ಮದುವೆಯ ವಿಚಾರದಲ್ಲಿ ಎಳೆಯಷ್ಟು ನಿಜವಿದೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಮಾನಸಿಕ ಸ್ಥಿತಿಯ ಷರತ್ತು ಉಂಟು. ಆದರೆ ಅದು ಒಪ್ಪಿಗೆ ಕೊಡುವ ಶಕ್ತಿಯನ್ನೂ ಕಾಯಿಲೆಯ ತೀವ್ರತೆಯನ್ನೂ ನೋಡುತ್ತದೆ. ಮಾತ್ರೆ ನುಂಗುತ್ತಿದ್ದಾರೆಯೇ ಎಂದಲ್ಲ.

ಇಷ್ಟಕ್ಕೂ ಈ ಕಾಯಿಲೆ ಇರುವವರು ಬಯಸುವುದು ದೊಡ್ಡದೇನಲ್ಲ. ಸುಲಿದ ಅಡಿಕೆಯ ಕೂಲಿ ತಮ್ಮ ಕೈಗೇ ಬರಬೇಕು. ನೆರೆಮನೆಯ ಮದುವೆಯಲ್ಲಿ ‘ನೀನು ಕೂತಿರು ಮಾರಾಯ’ ಎನ್ನದೆ ಸಾಂಬಾರಿನ ಬಕೆಟ್ ಕೊಟ್ಟು ಬಡಿಸಲು ಕಳಿಸಬೇಕು. ಇದಕ್ಕೆ ಕಾಯ್ದೆ ಬೇಕಿಲ್ಲ.

ಚೀಟಿಗೆ ಹೆದರಿ ಚಿಕಿತ್ಸೆ ಮುಂದೂಡಿದವರು ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು. ಭಾಷೆಯ ಆಯ್ಕೆಯಲ್ಲಿ ಕನ್ನಡವೂ ಇದೆ.