ಸತ್ಯಾಂಶ: ಸ್ವಿಚ್ ಆರಿಸಿದ ಮೇಲೂ ಮಿಣುಗುವ ಬಲ್ಬ್

ಮೈಸೂರು, ಮಂಡ್ಯ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುವ ಮಾತು ಇದು: "ಸ್ವಿಚ್ ಆಫ್ ಮಾಡಿದ ಮೇಲೂ ಎಲ್‌ಇಡಿ ಬಲ್ಬ್ ಮಂಕಾಗಿ ಉರಿದರೆ ಅದು ನಕಲಿ. ಸ್ವಿಚ್ ಆಫ್ ಇದೆಯಲ್ಲ, ಹೋಲ್ಡರ್‌ಗೆ ಕೈ ಹಾಕಿ ಬದಲಾಯಿಸಿ, ಏನೂ ಆಗಲ್ಲ."

ಮೊದಲ ಮಾತು ಬಹುಮಟ್ಟಿಗೆ ತಪ್ಪು. ಎರಡನೆಯದು ಜೀವಕ್ಕೇ ಅಪಾಯ.

ಮನೆಗೆ ಬರುವುದು 230 ವೋಲ್ಟ್. ಸ್ವಿಚ್ ಇರಬೇಕಾದ್ದು ಫೇಸ್ ತಂತಿಯಲ್ಲಿ, ಅಂದರೆ ಮುಟ್ಟಿದರೆ ಶಾಕ್ ಹೊಡೆಯುವ ತಂತಿಯಲ್ಲಿ. ಕರೆಂಟ್ ವಾಪಸಾಗುವ ತಂತಿ, ಅಂದರೆ ನ್ಯೂಟ್ರಲ್, ನೇರವಾಗಿ ಹೋಲ್ಡರ್‌ಗೆ ಹೋಗಬೇಕು. ವೈರಿಂಗ್ ಮಾಡುವಾಗ ಇವೆರಡೂ ಅದಲುಬದಲಾದರೂ ಬಲ್ಬ್ ಎಂದಿನಂತೆ ಹತ್ತುತ್ತದೆ, ಆರುತ್ತದೆ. ಹಾಗಾಗಿ ವರ್ಷಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಸ್ವಿಚ್ ಆಫ್ ಇದ್ದರೂ ಹೋಲ್ಡರ್‌ನ ಪಿನ್‌ವರೆಗೆ ಫೇಸ್ ಬಂದು ನಿಂತಿರುತ್ತದೆ, ಎಲ್‌ಇಡಿ ಮಿಣುಗಲು ಇದೂ ಒಂದು ಕಾರಣ. ಕಬ್ಬಿಣದ ಏಣಿ ಹತ್ತಿ ಬಲ್ಬ್ ಬದಲಾಯಿಸುವವರು ಇದನ್ನು ದಯವಿಟ್ಟು ನೆನಪಿಡಿ.

ಮಿಣುಗುವುದಕ್ಕೆ ಅಪಾಯವಿಲ್ಲದ ಕಾರಣಗಳೂ ಇವೆ. ಇಂಡಿಕೇಟರ್ (ಪುಟ್ಟ ದೀಪ) ಇರುವ ಸ್ವಿಚ್ ಅತಿ ಸಣ್ಣ ಕರೆಂಟನ್ನು ಬಿಡುತ್ತಲೇ ಇರುತ್ತದೆ. ಒಂದೇ ಪೈಪಿನಲ್ಲಿ ದೂರದವರೆಗೆ ಜೊತೆಯಾಗಿ ಹೋಗುವ ತಂತಿಗಳ ನಡುವೆಯೂ ಸ್ವಲ್ಪ ದಾಟುತ್ತದೆ. ಮೆಟ್ಟಿಲಿನ ಟೂ-ವೇ ಸ್ವಿಚ್‌ಗಳಲ್ಲಿ ಇದು ಸಾಮಾನ್ಯ. ಹಳೆಯ ಫಿಲಮೆಂಟ್ ಬಲ್ಬಿಗೆ ಅಷ್ಟು ಸಾಲುತ್ತಿರಲಿಲ್ಲ, ಎಲ್‌ಇಡಿಗೆ ಸಾಕು.

ಯಾವ ಕಾರಣ ಎಂದು ಟೆಸ್ಟರಿನ ಮಿಣುಕು ಬೆಳಕೊಂದರಿಂದ ತೀರ್ಮಾನಿಸಬೇಡಿ, ಅದು ಪಕ್ಕದ ತಂತಿಯ ಪ್ರಭಾವಕ್ಕೂ ಹತ್ತಬಹುದು. ಎಲೆಕ್ಟ್ರಿಷಿಯನ್ ಬಂದು ವೋಲ್ಟ್ ಅಳೆಯುವ ಮೀಟರ್ ಮತ್ತು ಟೆಸ್ಟ್ ಲ್ಯಾಂಪ್ (ಪರೀಕ್ಷೆಗೆ ತಂತಿ ಜೋಡಿಸಿದ ಬಲ್ಬ್) ಎರಡರಲ್ಲೂ ನೋಡಲಿ.

ಬಲ್ಬ್ ಮುಟ್ಟುವ ಮುನ್ನ ಫೇಸ್, ನ್ಯೂಟ್ರಲ್ ಎರಡನ್ನೂ ಬೇರ್ಪಡಿಸುವ ಡಬಲ್ ಪೋಲ್ ಮೇನ್ ಆರಿಸಿ. ಮನೆಯಲ್ಲಿ ಯುಪಿಎಸ್ ಇದ್ದರೆ ಅದನ್ನೂ ಆರಿಸಲೇಬೇಕು. ಮೇನ್ ಆರಿದ ಕ್ಷಣವೇ ಅದು ಅದೇ ಲೈಟಿಗೆ ಕರೆಂಟ್ ಕೊಡಲು ಶುರುಮಾಡಬಹುದು.